ಐದನೆಯ ತೆನೆ

ವೈಸ್ ಪ್ರಿನ್ಸಿಪಾಲ್ ನಾರಾಯಣಸ್ವಾಮಿ ತಮ್ಮ ಫೋನನ್ನು ಮೇಜಿನ ಮೇಲಿಟ್ಟು, ಎರಡು ಬೆರಳಿನಿಂದ ಫೋಟೋ ಹಿಗ್ಗಿಸಿ, ಮೋಕ್ಷಾಳ ಕಡೆಗೆ ತಿರುಗಿಸಿದರು. ಅದು ಅವಳದೇ ಲೈಬ್ರರಿಯ ಬಾಗಿಲು. ಹಿಡಿಕೆಯ ಮೇಲಿನ ಮೊಳೆಗೆ ಒಂದು ಸಣ್ಣ ಕಟ್ಟು ನೇತಾಡುತ್ತಿತ್ತು: ಒಣಗಿದ ಅರ್ಧ ಭತ್ತದ ತೆನೆ, ಅದನ್ನು ಸುತ್ತಿಕೊಂಡ ಮಾವಿನ ಎಲೆ, ಮೇಲೆ ನಾಲ್ಕು ಸುತ್ತು ಕೆಂಪು ನೂಲು. ಫೋಟೋದ ಕೆಳಗೆ ಇಂಗ್ಲಿಷಿನಲ್ಲಿ, ನಮ್ಮ ಲೈಬ್ರರಿ ಮಿಸ್ ನಿಜವಾದ ವಿಕ್ಕಾ ಮಾಟಗಾತಿ ಎಂದು ಬರೆದಿತ್ತು. ಪಕ್ಕದಲ್ಲಿ ಮೂರು ಹೃದಯದ ಗುರುತು ಬೇರೆ.

"ಇದೇನು ಮೇಡಂ?" ಎಂದರು ನಾರಾಯಣಸ್ವಾಮಿ.

ಮೋಕ್ಷಾಳಿಗೆ ಮೊದಲು ನಗು ಬಂತು. ಅವರ ಮುಖ ನೋಡಿ ನಗುವನ್ನು ನುಂಗಿಕೊಂಡಳು. ಅದು ಕುರಲ್, ತುಳುವಿನಲ್ಲಿ ತೆನೆಗೆ ಹಾಗೆ ಹೇಳುವುದು, ಹೊಸ ಭತ್ತ ಬಂದಾಗ ಮನೆಗೂ ಕೆಲಸದ ಜಾಗಕ್ಕೂ ಕಟ್ಟುವುದು ನಮ್ಮ ಕಡೆಯ ಪದ್ಧತಿ, ಐದು ವರ್ಷದಿಂದ ಆ ಬಾಗಿಲಿಗೆ ಕಟ್ಟುತ್ತಿದ್ದೇನೆ ಎಂದೆಲ್ಲ ಹೇಳಿದಳು. ನಾರಾಯಣಸ್ವಾಮಿ ಕೋಲಾರದವರು. ರಾಗಿ ತೆನೆ ಕಂಡವರು, ಆದರೆ ಅದನ್ನು ಬಾಗಿಲಿಗೆ ಕಟ್ಟಿದ್ದನ್ನು ಕಂಡವರಲ್ಲ. ಅವರು ಕೆಟ್ಟ ಮನುಷ್ಯನೇನೂ ಅಲ್ಲ. ಹಣೆ ಉಜ್ಜಿಕೊಂಡು, ಬೇಸರದಿಂದಲೇ ಮಾತಾಡಿದರು.

"ನೀವು ಹೇಳೋದನ್ನ ನಾನು ನಂಬ್ತೀನಿ ಮೇಡಂ. ನಾನೊಬ್ಬ ನಂಬಿದ್ರೆ ಸಾಲದು."

ಒಬ್ಬ ಹುಡುಗಿಯ ತಂದೆ ಮ್ಯಾನೇಜ್‌ಮೆಂಟಿಗೆ ಮೇಲ್ ಕಳಿಸಿದ್ದರು. ಶಾಲೆಯ ಲೈಬ್ರರಿಯನ್ ಮಕ್ಕಳಿಗೆ ವಿಕ್ಕಾ ಕಲಿಸುತ್ತಿದ್ದಾರೆ, ಬಾಗಿಲಿಗೆ ಮಾಟದ ಕಟ್ಟು ಕಟ್ಟಿದ್ದಾರೆ, ಶಾಲೆ ಏನೂ ಮಾಡದಿದ್ದರೆ ನಾನು ಹೊರಗೆ ದೂರು ಕೊಡುತ್ತೇನೆ. ಹೊರಗೆ ಎಂದರೆ ಎಲ್ಲಿ ಎಂದು ಕೇಳುವ ಅಗತ್ಯವಿರಲಿಲ್ಲ. ದೋಹಾದಲ್ಲಿ ಮಾಟದ ಮಾತು ತಮಾಷೆಯಲ್ಲ, ಪೊಲೀಸು, ಜೈಲಿನವರೆಗೂ ಹೋಗುತ್ತದೆ ಎಂಬುದು ಇಲ್ಲಿಗೆ ಬಂದ ಮೊದಲ ವರ್ಷವೇ ಎಲ್ಲರಿಗೂ ಗೊತ್ತಾಗುತ್ತದೆ. ಮ್ಯಾನೇಜ್‌ಮೆಂಟ್ ಎರಡು ದಾರಿ ಕೊಟ್ಟಿತ್ತು. ಶಾಲೆಯಲ್ಲೇ ಇರುವ, ಅದೇ ಊರಿನ ಕಡೆಯ ಇನ್ನೊಬ್ಬರು, ಇದು ಬರೀ ಬೆಳೆಯ ಹಬ್ಬದ ಪದ್ಧತಿ ಎಂದು ಎರಡು ಸಾಲು ಬರೆದುಕೊಟ್ಟರೆ ಫೈಲು ಮುಚ್ಚುವುದು. ಇಲ್ಲವಾದರೆ ಇವತ್ತು ಮಧ್ಯಾಹ್ನ ಒಂದು ಗಂಟೆಯೊಳಗೆ ಮೋಕ್ಷಾ ರಾಜೀನಾಮೆ ಕೊಡುವುದು.

"ಅದಕ್ಕೇ ನಿನ್ನೆ ಬೆನಿಟಾ ಮೇಡಂಗೆ ಎಲ್ಲಾ ಹೇಳಿದ್ದೆ, ಇವತ್ತು ಮೂವರೂ ಕೂತ್ಕೊಂಡು ಮಾತಾಡೋಣ ಅಂತ," ಎಂದು ನಾರಾಯಣಸ್ವಾಮಿ ಪಕ್ಕದ ಕುರ್ಚಿಯ ಕಡೆ ನೋಡಿದರು.

ಪಕ್ಕದ ಕುರ್ಚಿಯಲ್ಲಿ ಬೆನಿಟಾ ಕೂತಿದ್ದಳು. ನಿನ್ನೆಯೇ ಗೊತ್ತಿತ್ತೇ ಎಂದು ಮೋಕ್ಷಾ ಒಂದು ಕ್ಷಣ ತಬ್ಬಿಬ್ಬಾದಳು. ಬೆಳಿಗ್ಗೆ ಬಸ್ಸಿನಲ್ಲಿ ಇಬ್ಬರೂ ಎಂದಿನಂತೆ ಒಂದೇ ಸೀಟಿನಲ್ಲಿ ಬಂದಿದ್ದರು. ಅವರ ಮನೆಯ ಇಡ್ಲಿ, ಸಾನ್ನಾ, ತಂದಿದ್ದೇನೆ, ಮಧ್ಯಾಹ್ನ ಒಟ್ಟಿಗೆ ತಿನ್ನುವ ಎಂದಿದ್ದಳೇ ಹೊರತು ಈ ವಿಷಯ ಎತ್ತಿರಲಿಲ್ಲ. ನನ್ನನ್ನು ಸುಮ್ಮನೆ ಹೆದರಿಸುವುದು ಬೇಡ ಅಂತ ಇರಬೇಕು ಎಂದುಕೊಂಡಳು. ಬೆನಿಟಾ ಇದ್ದಾಳಲ್ಲ, ಇನ್ನು ಚಿಂತೆಯಿಲ್ಲ ಎಂದೂ ಅನ್ನಿಸಿತು. ಯಾಕೆಂದರೆ ಆ ತೆನೆ ಬಂದದ್ದೇ ಬೆನಿಟಾಳ ಕೈಯಿಂದ.

ಬೆನಿಟಾ ಹತ್ತನೆಯ ತರಗತಿಗೆ ಇಂಗ್ಲಿಷ್ ಕಲಿಸುವವಳು, ಕಿನ್ನಿಗೋಳಿ ಕಡೆಯ ಕ್ಯಾಥೊಲಿಕ್, ಮೋಕ್ಷಾಳಿಗಿಂತ ಹತ್ತು ವರ್ಷ ದೊಡ್ಡವಳು. ಮೋಕ್ಷಾ ಮೂಲ್ಕಿ ಹತ್ತಿರದವಳು. ಊರಿನಲ್ಲಿ ಎರಡು ಮನೆಗಳಿಗೆ ಒಂದು ಗಳಿಗೆಯ ಬಸ್ಸಿನ ದಾರಿ, ಆದರೂ ಮುಖ ಕಂಡಿರಲಿಲ್ಲ. ಇಲ್ಲಿ ಎಂಟು ವರ್ಷದಿಂದ ಒಂದೇ ಶಾಲೆ, ಒಂದೇ ಬಸ್ಸು, ಊಟದ ಡಬ್ಬಿಯೂ ಹೆಚ್ಚುಕಡಿಮೆ ಒಂದೇ. ಮೋಕ್ಷಾಳ ಗಂಡ ತನಿಯ ಕ್ರೇನ್ ಆಪರೇಟರ್. ಅವನು ಹಮದ್ ಬಂದರಿನ ಕಂಟೇನರ್ ಯಾರ್ಡಿನಲ್ಲಿ ಬಿದ್ದು ಕಾಲು ಮುರಿದುಕೊಂಡಾಗ ಹದಿನೈದು ದಿನ ಗಂಜಿ ಬಂದದ್ದು ಬೆನಿಟಾಳ ಅಡುಗೆಮನೆಯಿಂದ.

ಸೆಪ್ಟೆಂಬರಿನಲ್ಲಿ ಅವರಿಗೆ ಮೊಂತಿ ಹಬ್ಬ. ಮೇರಿ ಮಾತೆ ಹುಟ್ಟಿದ ದಿನ, ಹೊಸ ಭತ್ತದ ದಿನ. ಊರಿನಿಂದ ವಿಮಾನದಲ್ಲಿ ಬಂದ ತೆನೆಗಳನ್ನು ಇಲ್ಲಿನ ಅಬು ಹಮೂರ್‌ ಬಡಾವಣೆಯ ಚರ್ಚಿನಲ್ಲಿ ಫಾದರ್ ಆಶೀರ್ವದಿಸಿದ ಮೇಲೆ, ಸಂಘದವರು ಮನೆಯಲ್ಲಿ ಎಷ್ಟು ಮಂದಿ ಎಂದು ಕೇಳಿ ತಲೆಗೊಂದರಂತೆ ಹಂಚುತ್ತಾರೆ. ಬೆನಿಟಾ, ಗಂಡ ಲಿಯೋ, ಮಕ್ಕಳಾದ ಡ್ಯಾರೆಲ್ ಮತ್ತು ಕ್ಯಾರೊಲ್, ಒಟ್ಟು ನಾಲ್ವರು. ನಾಲ್ಕು ವರ್ಷದ ಹಿಂದೆ, ತೆನೆ ನೋಡದೆ ಎಷ್ಟು ವರ್ಷವಾಯಿತು ಎಂದು ಮೋಕ್ಷಾ ಬಸ್ಸಿನಲ್ಲಿ ಒಮ್ಮೆ ಹಲುಬಿದ್ದೇ ನೆಪ, ಆ ಶುಕ್ರವಾರ ಬೆನಿಟಾ ಐದು ಎಂದಳು. ಅಂದಿನಿಂದ ಪ್ರತಿ ವರ್ಷವೂ ಐದೇ. ಚರ್ಚಿನಲ್ಲಿ ನಿಂತು ಸುಳ್ಳು ಹೇಳಿದಿರಾ ಬೆನಿಟಕ್ಕ ಎಂದು ಮೋಕ್ಷಾ ರೇಗಿಸಿದರೆ, "ಮಾತೆಗೆ ಲೆಕ್ಕ ಗೊತ್ತುಂಟು, ನೀನು ಸುಮ್ಮನಿರು ಮಾರಾಯ್ತಿ," ಎನ್ನುತ್ತಿದ್ದಳು.

ಮೋಕ್ಷಾ ಆ ಐದನೆಯ ತೆನೆಯನ್ನು ಎರಡಾಗಿ ಮುರಿಯುತ್ತಿದ್ದಳು. ಕುರಲ್ ಕಟ್ಟುವುದು ಅನ್ನ ಕೊಡುವ ಜಾಗಕ್ಕೆ. ಅವಳ ಅಪ್ಪ ಹುಲ್ಲಿನಲ್ಲಿ ಬಿಗಿದ ಅಕ್ಕಿ ಮುಡಿಗೂ ನೇಗಿಲಿಗೂ ಕಟ್ಟುತ್ತಿದ್ದರು. ಊರಿನಲ್ಲಿ ಅದಕ್ಕೆ ಹಲಸಿನ ಎಲೆ, ಬಿದಿರಿನ ಎಲೆ, ನಾರು ಎಲ್ಲ ಬೇಕು. ಇಲ್ಲಿ ತರಕಾರಿ ಅಂಗಡಿಯ ಮಾವಿನ ಎಲೆ, ಟೈಲರಿನ ಕೆಂಪು ನೂಲು. ಅರ್ಧ ತೆನೆ ಐನ್ ಖಾಲಿದ್ ಬಡಾವಣೆಯ ತಮ್ಮ ಮನೆಯ ಅಕ್ಕಿ ಡಬ್ಬಿಯ ಹಿಡಿಗೆ, ಇನ್ನರ್ಧ ಲೈಬ್ರರಿಯ ಬಾಗಿಲಿಗೆ. ಒಂದು ಕ್ರೇನಿಗೂ ಕಟ್ಟುವ, ಸೇಫ್ಟಿಯವರು ನೋಡಿ ಓಡಿಹೋಗಲಿ ಎಂದು ತನಿಯ ನಗುತ್ತಿದ್ದ. ನಾಲ್ಕು ವರ್ಷ ಆ ಕಟ್ಟನ್ನು ಯಾರೂ ತಿರುಗಿ ನೋಡಲಿಲ್ಲ.

ಈ ವರ್ಷ ನೋಡಿದ್ದಕ್ಕೆ ಕಾರಣ ಒಂದು ಕಾದಂಬರಿ ಸರಣಿ. ಕಪ್ಪು ರಟ್ಟಿನ ಹನ್ನೊಂದು ಭಾಗ. ಪುಸ್ತಕ ಆರಿಸುವ ಕಮಿಟಿಯೇ ಒಪ್ಪಿ ತರಿಸಿದ್ದು. ಅದರಲ್ಲಿ ವಿಕ್ಕಾ ಎಂದರೆ ಒಂದು ಗುಪ್ತ ಕುಲ. ಹುಡುಗಿಯರು ಹುಣ್ಣಿಮೆಯಂದು ಕಾಡಿನಲ್ಲಿ ವೃತ್ತ ಬರೆದು ಗಾಳಿಯಲ್ಲಿ ಏಳುತ್ತಾರೆ, ಕಣ್ಣು ಬಿಟ್ಟರೆ ಹಾಲು ಒಡೆಯುತ್ತದೆ. ಪ್ರತಿ ಮಾಟಗಾತಿಯ ಬಾಗಿಲಿನಲ್ಲೂ ಕೆಂಪು ನೂಲು ಸುತ್ತಿದ ಒಣಹುಲ್ಲಿನ ಕಟ್ಟು ಇರುತ್ತದೆ, ಮುಟ್ಟಿದ ವೈರಿ ಮೂರು ದಿನದಲ್ಲಿ ರಕ್ತ ಕಾರುತ್ತಾನೆ. ಮಕ್ಕಳು ಸಾಲು ನಿಂತು ಓದಿದರು. ಹತ್ತನೆಯ ತರಗತಿಯ ಮೈರಾ ಎಂಬ ಹುಡುಗಿ ಹನ್ನೊಂದನ್ನೂ ಒಂದೇ ತಿಂಗಳಲ್ಲಿ ಮುಗಿಸಿ, ಮಾತು ಬಿಟ್ಟ ಗೆಳತಿಯನ್ನು ಮರಳಿ ತರುವ ನಿಜವಾದ ವಿಕ್ಕಾ ಮಂತ್ರದ ಪುಸ್ತಕ ಬೇಕು ಎಂದು ಬಂದಳು.

ಮೋಕ್ಷಾಳಿಗೆ ವಿಕ್ಕಾದ ಮೇಲೆ ಪ್ರೀತಿಯೂ ಇರಲಿಲ್ಲ, ಭಯವೂ ಇರಲಿಲ್ಲ. ತಪ್ಪು ಮಾಹಿತಿ ಕಂಡರೆ ಕೈ ತುರಿಸುವ ಅಭ್ಯಾಸ ಮಾತ್ರ ಇತ್ತು. ಊರಿನ ದೈವಗಳನ್ನು ಹೊರಗಿನವರು ದೆವ್ವ ಎಂದು ಬರೆದದ್ದನ್ನು ಓದಿ ಬೆಳೆದವಳು ಅವಳು. ನಿಜ ಏನು ಎಂದು ಹುಡುಗಿಗೆ ಹೇಳಿದಳು. ಅದು ಇಂಗ್ಲೆಂಡಿನಲ್ಲಿ ರೂಪುಗೊಂಡು ನೂರು ವರ್ಷವೂ ಆಗದ ಒಂದು ಧರ್ಮ, ನಂಬುವವರು ಆಫೀಸಿಗೆ ಹೋಗಿ ಬರುವ ಸಾಮಾನ್ಯ ಜನ, ಪ್ರಕೃತಿಯನ್ನು ಪೂಜಿಸುತ್ತಾರೆ, ವರ್ಷಕ್ಕೆ ಎಂಟು ಋತುವಿನ ಹಬ್ಬ ಮಾಡುತ್ತಾರೆ, ಯಾರಿಗೂ ಕೇಡು ಮಾಡಬಾರದು ಎನ್ನುವುದು ಅವರ ಮುಖ್ಯ ನಿಯಮ. ಹಾರುವುದಿಲ್ಲ, ರಕ್ತ ಕಾರಿಸುವುದೂ ಇಲ್ಲ. ಮೈರಾಳಿಗೆ ಸ್ವಲ್ಪ ನಿರಾಸೆಯಾಯಿತು. ಇದನ್ನು ಕೇಳಿದ ಬೆನಿಟಾ, ಓದುಗರ ಕ್ಲಬ್ಬಿನ ಇನ್‌ಚಾರ್ಜ್ ಆಗಿದ್ದವಳು, ಮಕ್ಕಳು ತಲೆ ತಿನ್ನುತ್ತಿದ್ದಾರೆ, ಇದನ್ನೇ ಒಂದು ಪುಟ ಬರೆದುಕೊಡು, ಬೋರ್ಡಿಗೆ ಹಾಕುವ ಎಂದಳು.

ಮೋಕ್ಷಾ ಬರೆದಳು. ಬೆನಿಟಾ ತನ್ನ ಹಸಿರು ಪೆನ್ನಿನಿಂದ ತಿದ್ದಿದಳು. ಕೊನೆಯಲ್ಲಿ ಒಂದು ಮಾತು ತಾನೇ ಸೇರಿಸಿದಳು: ಹೊಸ ಬೆಳೆಯನ್ನು ಮನೆಗೆ ತರುವ ಹಬ್ಬ ಅವರಲ್ಲೂ ಇದೆ, ನಮ್ಮಲ್ಲೂ ಇದೆ, ಇದರಲ್ಲಿ ಹೆದರುವಂಥದ್ದೇನೂ ಇಲ್ಲ. ಚೆನ್ನಾಗುಂಟಲ್ಲ ಎಂದು ಕೇಳಿದ್ದಳು ಸಹ. ಪುಟ ಬೋರ್ಡಿಗೆ ಹೋಯಿತು. ಅದೇ ವಾರ ಬಾಗಿಲಿಗೆ ಹೊಸ ಕುರಲ್ ಬಂತು. ಮೈರಾ ಎರಡನ್ನೂ ನೋಡಿ, ಎರಡಕ್ಕೆ ಎರಡು ಸೇರಿಸಿ ಹನ್ನೊಂದು ಮಾಡಿದಳು. ಮಿಸ್ ತಾನೇ ವಿಕ್ಕಾ, ಅದಕ್ಕೇ ಇಷ್ಟೆಲ್ಲ ಗೊತ್ತು, ಪಾಪ ಗುಟ್ಟಾಗಿಟ್ಟಿದ್ದಾರೆ. ಖುಷಿಯಿಂದ ಫೋಟೋ ತೆಗೆದು, ಹೃದಯ ಹಾಕಿ ಗೆಳತಿಯರಿಗೆ ಕಳಿಸಿದಳು. ಮೂರನೆಯ ದಿನ ಅವಳ ಅಪ್ಪ ಆ ಫೋನು ನೋಡಿದರು.

"ಬೆನಿಟಾ ಮೇಡಂ, ನೀವೂ ಆ ಕಡೆಯವರೇ," ಎಂದರು ನಾರಾಯಣಸ್ವಾಮಿ. "ಇದು ನಿಮ್ಮ ಕಡೆ ಪದ್ಧತಿನಾ? ಹೌದು ಅನ್ನಿ, ನಾನೇ ಟೈಪ್ ಮಾಡಿಸ್ತೀನಿ, ನೀವು ಸೈನ್ ಹಾಕಿದ್ರೆ ಸಾಕು."

ಬೆನಿಟಾ ಕುತ್ತಿಗೆಯ ಐಡಿ ಕಾರ್ಡಿನ ದಾರವನ್ನು ಬೆರಳಿಗೆ ಸುತ್ತಿ ಬಿಚ್ಚಿ ಮಾಡಿದಳು. ಫೋಟೋದ ಕಡೆ ಬಗ್ಗಿ ನೋಡಿದಳು, ಮೊದಲ ಸಲ ನೋಡುವವರು ನೋಡಿದಂತೆ.

"ಇದು ಎಂತ ಅಂತ ನಂಗೆ ಗೊತ್ತಿಲ್ಲ ಸರ್," ಎಂದಳು. "ನಾವು ಕ್ರಿಶ್ಚನ್ಸ್ ಅಲ್ವಾ. ನಮ್ಮಲ್ಲಿ ಇಂಥದ್ದೆಲ್ಲ ಇಲ್ಲ."

ಬೋರ್ಡಿನ ಪುಟದ ಬಗ್ಗೆ ಕೇಳಿದಾಗಲೂ ಅವಳ ದನಿ ಏರಲಿಲ್ಲ, ಇಳಿಯಲಿಲ್ಲ. ಪುಟ ಲೈಬ್ರರಿಯಿಂದಲೇ ಬಂದದ್ದು, ತಾನು ಓದಿರಲಿಲ್ಲ ಎಂದಳು. ಬೆನಿಟಕ್ಕ ಎಂದಳು ಮೋಕ್ಷಾ. ಬೆನಿಟಾ ಗೋಡೆಯ ಕ್ಯಾಲೆಂಡರ್ ನೋಡುತ್ತಿದ್ದಳು.

ಆ ಪುಟದ ತಿದ್ದಿದ ಪ್ರತಿ ನನ್ನ ಹತ್ತಿರ ಇದೆ ಸರ್, ತರುತ್ತೇನೆ ಎಂದು ಹೇಳಿ ಮೋಕ್ಷಾ ಎದ್ದಳು. ತನ್ನ ದನಿ ಅಷ್ಟು ನೆಟ್ಟಗೆ ಬಂದದ್ದು ಅವಳಿಗೇ ಆಶ್ಚರ್ಯ. ಕಾರಿಡಾರಿನಲ್ಲಿ ನಡೆಯುತ್ತ, ಮನಸ್ಸಿನಲ್ಲೇ ಬೆನಿಟಾಳ ಪರವಾಗಿ ವಾದಿಸಿದ್ದು ಅವಳೇ. ಲಿಯೋನ ಕೆಲಸ ಹೋಗಿ ನಾಲ್ಕು ತಿಂಗಳು. ಇಡೀ ಸಂಸಾರ ಈ ದೇಶದಲ್ಲಿ ನಿಂತಿರುವುದು ಬೆನಿಟಾಳ ಒಬ್ಬಳ ಕೆಲಸದ ಮೇಲೆ. ಡ್ಯಾರೆಲ್‌ಗೆ ಇದು ಬೋರ್ಡ್ ಪರೀಕ್ಷೆಯ ವರ್ಷ. ಮಾಟದ ಕೇಸಿನಲ್ಲಿ ಹೆಸರು ಬಂದರೆ ಎಂದು ಆ ಕ್ಷಣಕ್ಕೆ ಹೆದರಿರಬೇಕು. ಬಾಯಿ ತಪ್ಪಿ ಬಂದದ್ದು. ಹಸಿರು ಶಾಯಿ ನೋಡಿದರೆ ಅವಳಿಗೂ ನಾಚಿಕೆಯಾಗುತ್ತದೆ, ನಿಜ ಹೇಳುತ್ತಾಳೆ, ಆಮೇಲೆ ಇಬ್ಬರೂ ಅತ್ತು, ಸಾನ್ನಾ ತಿಂದು, ಬಸ್ಸಿನಲ್ಲಿ ಮನೆಗೆ ಹೋಗುವುದು.

ಡ್ರಾಯರಿನ ಬೀಗ ತೆಗೆದು ಫೈಲು ಬಿಚ್ಚಿದಳು. ಮೊದಲ ಪ್ರತಿ ಇತ್ತು. ಕೊನೆಯ ಪ್ರತಿಯೂ ಇತ್ತು. ನಡುವಿನ, ತಿದ್ದಿದ ಪ್ರತಿ ಇರಲಿಲ್ಲ. ಫೈಲಿನ ಕ್ಲಿಪ್ಪಿಗೆ ಹರಿದ ಕಾಗದದ ಎರಡು ಚೂರು ಸಿಕ್ಕಿಕೊಂಡಿದ್ದವು, ಒಂದರ ಅಂಚಿನಲ್ಲಿ ಹಸಿರು ಶಾಯಿಯ ಸಣ್ಣ ಬಾಲ.

ಆ ಡ್ರಾಯರಿಗೆ ಎರಡೇ ಬೀಗದ ಕೈ. ಒಂದು ಮೋಕ್ಷಾಳದು. ಇನ್ನೊಂದು, ಅವಳು ರಜೆ ಹಾಕಿದ ದಿನಕ್ಕೆ ಇರಲಿ ಎಂದು ಅವಳೇ ಬೆನಿಟಾಳ ಪೆನ್ಸಿಲ್ ಪೌಚಿಗೆ ಹಾಕಿದ್ದು.

ಮೋಕ್ಷಾ ಕುರ್ಚಿಯ ಮೇಲೆ ಕೂತಳು. ಬೆಳಿಗ್ಗೆ ಬಸ್ಸಿನಲ್ಲಿ ಬೆನಿಟಾಳ ಚೀಲ ಇಬ್ಬರ ಮೊಣಕಾಲಿನ ನಡುವೆ ಇತ್ತು. ಸಾನ್ನಾದ ಡಬ್ಬಿಯ ಬಿಸಿ ತನ್ನ ಕಾಲಿಗೂ ತಾಗುತ್ತಿತ್ತು. ಕಾಗದ ನಿನ್ನೆಯೇ ಹರಿದು ಕಸಕ್ಕೆ ಹೋಗಿತ್ತೋ, ಅದೇ ಚೀಲದಲ್ಲಿ ಇತ್ತೋ. ಬಾಯಿ ತಪ್ಪಿದ ಮಾತಾಗಿದ್ದರೆ ಮೋಕ್ಷಾ ಮರೆಯುತ್ತಿದ್ದಳು. ಹೆದರಿ ಆಡಿದ ಮಾತಾಗಿದ್ದರೂ ಮರೆಯುತ್ತಿದ್ದಳು. ಬಸ್ಸಿನಲ್ಲಿ, ನಂಗೆ ಹೆದರಿಕೆ ಆಗ್ತದೆ ಮೋಕ್ಷಾ, ನನ್ನ ಹೆಸರು ಹೇಳ್ಬೇಡ ಎಂದು ಒಂದು ಮಾತು ಅಂದಿದ್ದರೆ ಆ ಕಾಗದವನ್ನು ಅವಳೇ ಸುಟ್ಟುಹಾಕುತ್ತಿದ್ದಳು. ಕೇಳಬಹುದಾಗಿದ್ದನ್ನು ಬೆನಿಟಾ ಕೇಳದೆ ಕದ್ದಿದ್ದಳು. ಎಂಟು ವರ್ಷದಲ್ಲಿ ತನ್ನನ್ನು ಅಷ್ಟೂ ತಿಳಿದುಕೊಂಡಿರಲಿಲ್ಲವಲ್ಲ ಎಂದುಕೊಂಡು ಮೋಕ್ಷಾ ಫೈಲು ಮುಚ್ಚಿದಳು.

ಒಂದು ಗಂಟೆಗೆ ಹತ್ತು ನಿಮಿಷ ಇರುವಾಗ ಅವಳು ರಾಜೀನಾಮೆಗೆ ಸಹಿ ಹಾಕಿದಳು. ನಾರಾಯಣಸ್ವಾಮಿ ಸ್ವಂತ ಕಾರಣದಿಂದ ಎಂದು ಬರೆಸಿದ್ದರು. ಇದರಿಂದ ನಿಮಗೆ ತೊಂದರೆ ಆಗಬಾರದು ಎಂದರು. ಬಾಗಿಲಿಗಿರುವುದನ್ನು ನೀವೇ ತೆಗೆದರೆ ಒಳ್ಳೆಯದು, ಆಯಾಗಳು ಮುಟ್ಟುವುದಕ್ಕೆ ಹೆದರುತ್ತಿದ್ದಾರೆ ಎಂದೂ ಸೇರಿಸಿದರು. ಬೋರ್ಡಿನ ಪುಟವನ್ನು ಆಗಲೇ ಕಿತ್ತಿದ್ದರು. ಹನ್ನೊಂದು ಕಪ್ಪು ಪುಸ್ತಕಗಳು ಮಾತ್ರ, ಈ ತಿಂಗಳು ಅತಿ ಹೆಚ್ಚು ಓದಿದ್ದು ಎಂದು ಮೋಕ್ಷಾಳೇ ಅಂಟಿಸಿದ ಚೀಟಿಯ ಕೆಳಗೆ, ಯಾರ ತಂಟೆಗೂ ಹೋಗದೆ ನಿಂತಿದ್ದವು. ಅವುಗಳ ಮೇಲೆ ಯಾರೂ ದೂರು ಕೊಟ್ಟಿರಲಿಲ್ಲ.

ಅವಳು ಗಂಟು ಬಿಚ್ಚುತ್ತಿರುವಾಗ ಮೈರಾ ಬಂದಳು. ಅತ್ತು ಅತ್ತು ಮೂಗು ಕೆಂಪಾಗಿತ್ತು. ನಿನ್ನ ತಪ್ಪಲ್ಲ ಎಂದು ಮೋಕ್ಷಾ ಹೇಳಿದ್ದನ್ನು ಹುಡುಗಿ ನಂಬಿದಂತೆ ಕಾಣಲಿಲ್ಲ. ನೀವು ನಿಜವಾಗಲೂ ವಿಕ್ಕಾ ಆಗಿರಬೇಕಿತ್ತು ಮಿಸ್, ಅವರಿಗೆಲ್ಲ ಏನಾದರೂ ಮಾಡಬಹುದಿತ್ತು ಎಂದಳು. ನಿಜವಾದ ವಿಕ್ಕಾದವರು ಯಾರಿಗೂ ಏನೂ ಮಾಡುವುದಿಲ್ಲ, ಪುಟದಲ್ಲಿ ಬರೆದಿದ್ದೆನಲ್ಲ ಎಂದಳು ಮೋಕ್ಷಾ. ಆ ದಿನ ಶಾಲೆಯ ಬಸ್ಸಿಗೆ ಕಾಯದೆ ಟ್ಯಾಕ್ಸಿ ಹಿಡಿದು ಮನೆಗೆ ಹೋದಳು.

ತನಿಯ ಎಲ್ಲ ಕೇಳಿ, ಅವರ ಮನೆಯ ಪರಿಸ್ಥಿತಿಯನ್ನೂ ನೋಡಬೇಕು, ಖಲಾಸ್, ಬಿಟ್ಟುಬಿಡು ಎಂದ. ಮೋಕ್ಷಾ ಬಿಟ್ಟಳು, ಹೊರಗಿನಿಂದ. ಲಿಯೋಗಾಗಲಿ ಶಾಲೆಯ ಬೇರೆ ಯಾರಿಗಾಗಲಿ ಏನೂ ಹೇಳಲಿಲ್ಲ. ಬೆನಿಟಾ ಫೋನು ಮಾಡಲಿಲ್ಲ. ಬೇರೆ ಎರಡು ಶಾಲೆಯವರು ಕರೆದು, ಎಂಟು ವರ್ಷ ಇದ್ದ ಕಡೆ ವರ್ಷದ ನಡುವೆ ಯಾಕೆ ಬಿಟ್ಟಿರಿ ಎಂದು ಕೇಳಿ, ಆಮೇಲೆ ಮತ್ತೆ ಕರೆಯಲಿಲ್ಲ. ಕೊನೆಗೆ ಒಂದು ದಂತವೈದ್ಯರ ಕ್ಲಿನಿಕ್ಕಿನಲ್ಲಿ ಹೆಸರು ಬರೆದುಕೊಳ್ಳುವ ಕೆಲಸ ಸಿಕ್ಕಿತು. ಅಲ್ಲಿ ಕಾಯುವವರಿಗೆಂದು ಇದ್ದದ್ದು ನಾಲ್ಕು ಹಳೆಯ ಮ್ಯಾಗಜೀನು. ಮೊದಲ ವಾರವೇ ಅವುಗಳನ್ನು ತಾರೀಖಿನ ಪ್ರಕಾರ ಜೋಡಿಸಿಟ್ಟು, ಆಮೇಲೆ ಕೈಗೆ ಬೇರೆ ಕೆಲಸವಿಲ್ಲದೆ ಕೂತಳು.

ಮರು ವರ್ಷ ಸೆಪ್ಟೆಂಬರಿನ ಒಂದು ಶುಕ್ರವಾರ ಹನ್ನೊಂದರ ಹೊತ್ತಿಗೆ ಬಾಗಿಲು ಬಡಿದ ಸದ್ದಾಯಿತು. ಲಿಯೋ ನಿಂತಿದ್ದ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಕೈಯಲ್ಲಿ ಉದ್ದದ ಕಂದು ಕವರು. ಚರ್ಚಿನಿಂದ ನೇರ ಬಂದದ್ದು, ಮತ್ತೆ ಕೆಲಸ ಸಿಕ್ಕಿತು, ಬಂದರಿನ ಹತ್ತಿರದ ಗೋಡೌನಿನಲ್ಲಿ, ತನಿಯನನ್ನು ಒಮ್ಮೆ ಕಂಡೆ ಎಂದೆಲ್ಲ ಒಂದೇ ಉಸಿರಿಗೆ ಹೇಳಿದ. ಒಳಗೆ ಬನ್ನಿ ಎಂದದ್ದಕ್ಕೆ, ಬೆನಿಟಾ ಕೆಳಗೆ ಕಾರಿನಲ್ಲಿ ಇದ್ದಾಳೆ, ಕಾಲು ನೋವಂತೆ, ಮೆಟ್ಟಿಲು ಹತ್ತುವುದಿಲ್ಲ ಎಂದ. ಹೆಂಗಸರ ನಡುವೆ ಏನೋ ಸಣ್ಣ ಮನಸ್ತಾಪ, ಹಬ್ಬದ ದಿನ ಸರಿಹೋಗುತ್ತದೆ ಎಂದು ನಂಬಿ ಬಂದವನ ಮುಖ ಅದು.

"ಡ್ಯಾರೆಲ್ ಊರಿಗೆ ಕಾಲೇಜಿಗೆ ಹೋದ ಅಲ್ವಾ, ಈಗ ನಾವು ಮೂರೇ ಜನ," ಎಂದು ಕವರು ಮುಂದೆ ಮಾಡಿದ. "ಎಷ್ಟು ಮಂದಿ ಅಂತ ಕೇಳಿದ್ರು. ಇವಳು ನಾಲ್ಕು ಅಂದ್ಳು."

ಮೋಕ್ಷಾ ಕವರಿನ ಬಾಯಿ ಬಿಚ್ಚಿ ತೆನೆಯನ್ನು ಹೊರತೆಗೆದಳು. ಈ ಸಲದ ತೆನೆ ಚೆನ್ನಾಗಿ ತುಂಬಿತ್ತು. ಇನ್ನೂ ಸ್ವಲ್ಪ ಹಸಿ, ಗದ್ದೆಯ ವಾಸನೆ ಇತ್ತು. ಚರ್ಚಿನಲ್ಲಿ ನಿಂತು ಇಲ್ಲದ ಒಬ್ಬಳನ್ನು ಮನೆಯವಳೆಂದು ಹೇಳುವ ಧೈರ್ಯ ಇರುವವಳು, ಇದ್ದ ಒಬ್ಬಳನ್ನು ಆ ಕೋಣೆಯಲ್ಲಿ ಕೈಬಿಟ್ಟಳು. ಈಗ ಮೆಟ್ಟಿಲು ಹತ್ತಲೂ ಆಗದೆ ಕೆಳಗೆ ಕೂತಿದ್ದಾಳೆ. ಮೋಕ್ಷಾ ತೆನೆಯನ್ನು ಕವರಿಗೆ ಹಾಕಿ, ಬಾಯಿ ಮಡಚಿ, ಲಿಯೋನ ಕೈಗೆ ತಿರುಗಿ ಕೊಟ್ಟಳು.

"ಇದು ಎಂತ ಅಂತ ನಂಗೆ ಗೊತ್ತಿಲ್ಲ ಲಿಯೋ ಅಣ್ಣ."

ಲಿಯೋ ಅದು ತಮಾಷೆ ಎಂದುಕೊಂಡು ನಕ್ಕ. ತೆನೆ ಅಲ್ವಾ, ಪ್ರತಿ ವರ್ಷ ತರುವುದಲ್ವಾ ಎಂದ. ನಗು ಅವನ ಮುಖದಲ್ಲಿಯೇ ಸ್ವಲ್ಪ ಹೊತ್ತು ಉಳಿದು, ಆಮೇಲೆ ಹೋಯಿತು.

"ಬೆನಿಟಕ್ಕನಿಗೆ ಇಷ್ಟೇ ಹೇಳಿ," ಎಂದಳು ಮೋಕ್ಷಾ. "ಮೋಕ್ಷಾಳಿಗೆ ಇದು ಎಂತ ಅಂತ ಗೊತ್ತಿಲ್ಲವಂತೆ ಅಂತ. ಅವರಿಗೆ ಅರ್ಥ ಆಗ್ತದೆ."

ಅವನು ಮೆಟ್ಟಿಲಿಳಿದು ಹೋದ. ಮೋಕ್ಷಾ ಅಡುಗೆಮನೆಯ ಕಿಟಕಿಯಿಂದ ನೋಡಿದಳು. ಕಂಪೌಂಡಿನ ಗೋಡೆಯ ಸಣ್ಣ ನೆರಳಿನಲ್ಲಿ ಕಾರು ನಿಂತಿತ್ತು. ಲಿಯೋ ಒಳಗೆ ಕೂತು ಕವರನ್ನು ಹೆಂಡತಿಯ ತೊಡೆಯ ಮೇಲೆ ಇಟ್ಟು ಏನೋ ಹೇಳಿದ. ಬೆನಿಟಾ ಹಬ್ಬದ ಸೀರೆ ಉಟ್ಟಿದ್ದಳು. ಅವಳು ತಲೆ ಎತ್ತಿ ಕಿಟಕಿಯ ಕಡೆ ನೋಡಲಿಲ್ಲ, ಗಂಡನ ಕಡೆಗೂ ನೋಡಲಿಲ್ಲ.

ಮೋಕ್ಷಾ ತಿರುಗಿದಾಗ ಹೊಸ್ತಿಲ ಹತ್ತಿರ ಒಂದು ಭತ್ತದ ಕಾಳು ಬಿದ್ದಿರುವುದು ಕಾಣಿಸಿತು. ಎತ್ತಿಕೊಂಡಳು. ಎಲ್ಲಿಡುವುದೆಂದು ತಿಳಿಯದೆ ಅಕ್ಕಿ ಡಬ್ಬಿಯ ಮುಂದೆ ಬಂದು ನಿಂತಳು. ಡಬ್ಬಿಯ ಹಿಡಿಗೆ ಹೋದ ವರ್ಷದ ಕುರಲ್ ಇನ್ನೂ ಇತ್ತು. ಹೊಸದು ಬರುವವರೆಗೆ ಹಳೆಯದನ್ನು ಬಿಚ್ಚುವ ಪದ್ಧತಿಯಿಲ್ಲ. ಮಾವಿನ ಎಲೆ ಪುಡಿಯಾಗಿ ಉದುರಿಹೋಗಿತ್ತು, ಕೆಂಪು ನೂಲು ಮಾತ್ರ ಬಿಗಿಯಾಗಿಯೇ ಇತ್ತು. ಅವಳು ಕಾಳನ್ನು ಮುಷ್ಟಿಯಲ್ಲಿ ಹಿಡಿದುಕೊಂಡೇ ನಿಂತಳು. ಕೆಳಗೆ ಕಾರು ಇನ್ನೂ ಸ್ಟಾರ್ಟ್ ಆಗಿರಲಿಲ್ಲ.